ಬ್ಯಾಣ, ಗದ್ದೆ, ತೋಟ: ನೀರಿನ ಕೆಳಗೂ ಅದೇ ಸಾಲು

ಅಡಿಕೆ ಕೊಯ್ಲು ಮುಗಿಯೋ ತನಕ ಸಾಗರದ ಕಡೆ ಯಾರನ್ನೂ ತಿರುಗಾಟಕ್ಕೆ ಕರೆಯೋ ಹಾಗಿಲ್ಲ. ಜನವರಿ ಕೊನೆಗೆ ಅಂಗಳದ ಅಡಿಕೆಯೆಲ್ಲ ಒಣಗಿ ಚೀಲ ಸೇರಿತು. ಆಮೇಲೆ ಅತ್ತೆಯೇ ಫೋನ್ ಮಾಡಿದರು. "ಸಿಗಂದೂರು ಸೇತುವೆ ಆಗಿ ಆರು ತಿಂಗಳಾಯ್ತು, ನಾನಿನ್ನೂ ನೋಡಿಲ್ಲ. ಮಕ್ಕಳನ್ನ ಕರ್ಕೊಂಡು ಬನ್ನಿ. ಹೊಳೆ ದಂಡೇಲಿ ಊಟ ಮಾಡ್ಕೊಂಡು ಬರೋಣ."

ನಾವೆಲ್ಲ ಶರಾವತಿ ಹಿನ್ನೀರು ಅಂತೀವಿ. ಅತ್ತೆಗೆ ಅದು ಇವತ್ತಿಗೂ ಹೊಳೆ. ಅವರ ತವರು ಮುಳುಗಡೆ ಊರು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೆ ಮೊದಲೇ ಅವರ ಮನೆಯವರು ಎತ್ತಿನ ಗಾಡಿಗೆ ಸಾಮಾನು ಹೇರಿಕೊಂಡು ಊರು ಬಿಟ್ಟಿದ್ದರು. ಆಗ ಅತ್ತೆಗೆ ಒಂಬತ್ತು ವರ್ಷ.

ಶನಿವಾರ ಸಂಜೆ ಶಿವಮೊಗ್ಗದಿಂದ ಹೊರಟು ಊರಿಗೆ ಹೋಗಿ ಉಳಿದೆವು. ಬೆಳಿಗ್ಗೆ ಎದ್ದಾಗ ಅಡುಗೆಮನೆಯಲ್ಲಿ ಬುತ್ತಿ ಸಿದ್ಧವಾಗುತ್ತಿತ್ತು. ಚಿತ್ರಾನ್ನ, ಮೊಸರನ್ನ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ಆಲೆಮನೆ ಕಾಲವಾದ್ದರಿಂದ ಕಬ್ಬಿನ ಹಾಲು ಬಂದಿತ್ತು, ಅತ್ತೆ ಹಿಂದಿನ ದಿನವೇ ತೊಡೆದೇವು ಮಾಡಿಟ್ಟಿದ್ದರು. ತೊಡೆದೇವು ಸುಲಭದ ತಿಂಡಿಯಲ್ಲ. ಮಡಕೆಯನ್ನು ಒಲೆಯ ಮೇಲೆ ಬೋರಲು ಹಾಕಬೇಕು. ಕಬ್ಬಿನ ಹಾಲಿನಲ್ಲಿ ಕದಡಿದ ಅಕ್ಕಿ ಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಅದರ ಮೇಲೆ ಒಂದೇ ಸಲ ಎಳೆಯಬೇಕು. ಕಾಗದದಷ್ಟು ತೆಳುವಾಗಿ ಏಳುವ ಅದನ್ನು ಬಿಸಿ ಇರುವಾಗಲೇ ಮಡಚಬೇಕು. ನಾನು ಮೂರು ವರ್ಷದಿಂದ ಕಲಿಯುತ್ತಿದ್ದೇನೆ. ನನ್ನ ಕೈಗೆ ಇನ್ನೂ ದಪ್ಪವೇ ಬರುತ್ತದೆ.

ಎರಡು ಕಾರು, ಎಂಟು ಜನ. ನಾವಿಬ್ಬರು, ನಮ್ಮ ಎರಡು ಮಕ್ಕಳು, ಮೈದುನ, ಓರಗಿತ್ತಿ, ಅವರ ಮಗ, ಅತ್ತೆ. ಸಾಗರದಿಂದ ಆವಿನಹಳ್ಳಿ ದಾಟಿ ಹೊಳೆಬಾಗಿಲಿಗೆ ಹೋಗುವ ರಸ್ತೆ ನನಗೆ ಮೊದಲಿನಿಂದಲೂ ಇಷ್ಟ. ಕಾಡಿನ ತಿರುವು ಮುಗಿಯುತ್ತಿದ್ದ ಹಾಗೆ ಎದುರಿಗೆ ನೀರು. ಮೊದಲೆಲ್ಲ ಅಲ್ಲೇ ಗಾಡಿ ನಿಲ್ಲಿಸಿ ಲಾಂಚಿಗೆ ಕಾಯಬೇಕಿತ್ತು. ಜಾತ್ರೆ ದಿನವಾದರೆ ಗಂಟೆಗಟ್ಟಲೆ. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುತ್ತಿರಲಿಲ್ಲ. ನಮಗೆ ಅದು ವರ್ಷಕ್ಕೊಂದು ಸಲದ ಕಾಯುವಿಕೆ. ಆಚೆ ದಡದ ತುಮರಿ, ಬ್ಯಾಕೋಡು ಕಡೆಯವರಿಗೆ ದಿನದ ಬದುಕೇ ಹಾಗಿತ್ತು. ಸಂಜೆಯ ಕೊನೆ ಲಾಂಚ್ ಹೋದ ಮೇಲೆ ಯಾರಿಗಾದರೂ ಹೆರಿಗೆ ನೋವು ಬಂದರೆ? ಆ ಭಯದಲ್ಲೇ ಅವರು ದಶಕಗಳನ್ನು ಕಳೆದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಉದ್ದ 2 ಕಿಲೋಮೀಟರಿಗೂ ಜಾಸ್ತಿ. ಮಧ್ಯದಲ್ಲಿ ಎತ್ತರದ ಕಂಬಗಳಿಂದ ತಂತಿಗಳು ಬೀಸಣಿಗೆಯ ಹಾಗೆ ಇಳಿದಿವೆ. ಮಕ್ಕಳು ಕಿಟಕಿಗೆ ಮುಖ ಒತ್ತಿಕೊಂಡು ಕೂತರು. ನೋಡನೋಡುತ್ತಿದ್ದಂತೆ ಆಚೆ ದಡ ಬಂದೇಬಿಟ್ಟಿತು. ಅತ್ತೆ ಏನೂ ಮಾತಾಡಲಿಲ್ಲ.

ಸಿಗಂದೂರಿನಲ್ಲಿ ಚೌಡೇಶ್ವರಿಯ ದರ್ಶನ ಮಾಡಿಕೊಂಡು, ಹಿಂದಕ್ಕೆ ಬರುವಾಗ ದಾರಿಬದಿಯಲ್ಲಿ ಒಂದು ಹುಲ್ಲಿನ ಇಳಿಜಾರು ಸಿಕ್ಕಿತು. ಕೆಳಗೆ ನೀರು. ನೀರೊಳಗಿಂದ ಒಣಗಿದ ಮರದ ಬೊಡ್ಡೆಗಳು ಎದ್ದು ನಿಂತಿದ್ದವು. ಒಂದರ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಿತ್ತು. ನೇರಳೆ ಮರದ ನೆರಳಿಗೆ ಚಾಪೆ ಹಾಸಿದೆವು. ಹಾಸುವ ಮೊದಲು ಅರ್ಧ ಗಂಟೆ ಗಾಜು ಹೆಕ್ಕಿದೆವು. ಯಾರೋ ಬಾಟಲಿ ಒಡೆದು ಹೋಗಿದ್ದರು. ಮಕ್ಕಳು ಬರಿಗಾಲಲ್ಲಿ ಓಡುವ ಜಾಗ, ದನ ಮೇಯುವ ಜಾಗ. ಹೀಗೆ ಮಾಡಲು ಮನಸ್ಸು ಹೇಗೆ ಬರುತ್ತದೋ.

ಮಕ್ಕಳಿಗೆ ಚಿನ್ನಿದಾಂಡು ಕಲಿಸಿದ್ದು ಮೈದುನ. ಕೊಡಲಿಯಿಲ್ಲದೆ ಬರೀ ಚಾಕುವಿನಲ್ಲಿ ಚಿನ್ನಿ ಕೆತ್ತಿದ. ಅದು ಮುಗಿದ ಮೇಲೆ ಕುಂಟೆಬಿಲ್ಲೆ. ಆಮೇಲೆ ಚಪ್ಪಟೆ ಕಲ್ಲು ಹೆಕ್ಕಿ ನೀರಿನ ಮೇಲೆ ಹಾರಿಸುವ ಪಂದ್ಯ. ನನ್ನ ಮಗಳ ಕಲ್ಲು ಐದು ಸಲ ನೆಗೆಯಿತು. ಇಷ್ಟಾದ ಮೇಲೆ ನೀರಿಗೆ ಇಳಿಯೋಣ ಅನ್ನೋ ಹಟ ಶುರುವಾಗಲೇಬೇಕಲ್ವಾ? ಹರಿಗೋಲು, ಕಯಾಕ್ ಅಂದರೆ ಹೊನ್ನೆಮರಡುವಿಗೆ ಹೋಗಬೇಕು. ಅಲ್ಲಿ ಲೈಫ್ ಜಾಕೆಟ್ ಹಾಕಿಸಿ, ಹೇಳಿಕೊಟ್ಟೇ ಇಳಿಸುತ್ತಾರೆ. ಇಲ್ಲಿ ಅದೇನೂ ಇಲ್ಲ. ಆದರೂ ನೀರು ಎಷ್ಟು ತಣ್ಣಗೆ, ಎಷ್ಟು ಸುಮ್ಮನೆ ಇತ್ತೆಂದರೆ ನನಗೂ ಆಸೆಯಾಯಿತು. ಮೊಣಕಾಲುದ್ದಕ್ಕೆ ಏನಾಗುತ್ತೆ ಅಂದುಕೊಂಡು ಮಕ್ಕಳ ಕೈ ಹಿಡಿದೆ.

"ಅಲ್ಲಿ ಬೇಡ ಮಾರಾಯ್ತಿ!" ಅತ್ತೆ ಕೂತಲ್ಲಿಂದಲೇ ಕೂಗಿದರು. "ಧರೆ ಇರ್ತದೆ, ನೆಲ ನೆಟ್ಟಗೆ ಕಡಿದ ಅಂಚು."

ಅವರು ಎದ್ದು ಬಂದು, ನೀರಂಚಿನಲ್ಲಿ ನಿಂತು ಕೈ ಚಾಚಿ ತೋರಿಸಿದರು. "ನಾವು ಕೂತಿರೋ ಈ ಹುಲ್ಲಿನ ಇಳಿಜಾರೇ ಬ್ಯಾಣ. ಬ್ಯಾಣ ಮುಗಿದ ಕೂಡ್ಲೇ ಧರೆ ಕಡಿದು ಗದ್ದೆ ಮಾಡಿರ್ತಾರೆ. ಗದ್ದೆ ಮುಗಿದ ಮೇಲೆ ತೋಟ. ತೋಟ ಯಾವಾಗ್ಲೂ ತಗ್ಗಲ್ಲೇ, ಹಳ್ಳದ ಪಕ್ಕ. ನೀರು ಬಂದ ಮಾತ್ರಕ್ಕೆ ಅದೆಲ್ಲ ಸಪಾಟಾಗಿ ಬಿಡ್ತದಾ?"

ಮೈದುನ ಒಂದು ಬಿದಿರು ಗಳ ತಂದ. ಎರಡು ಹೆಜ್ಜೆಯ ತನಕ ಗಳ ಮೊಣಕಾಲುದ್ದಕ್ಕೇ ನೆಲ ಮುಟ್ಟಿತು. ಮೂರನೆಯ ಹೆಜ್ಜೆಗೆ ಅವನ ಎತ್ತರಕ್ಕಿಂತ ಉದ್ದದ ಗಳ ಪೂರ್ತಿ ಒಳಗೆ ಹೋಯಿತು. ನೆಲ ಸಿಗಲೇ ಇಲ್ಲ. ನಾನು ಮಕ್ಕಳ ಕೈ ಬಿಡಲಿಲ್ಲ. ಬೆವರು ಬಂದಿತ್ತು.

ಹಿನ್ನೀರಿನಲ್ಲಿ ಮುಳುಗಿದವರ ಸುದ್ದಿ ಓದಿದಾಗಲೆಲ್ಲ "ಈಜು ಬರ್ತಿರಲಿಲ್ವೇನೋ" ಅಂದುಕೊಳ್ಳುತ್ತಿದ್ದೆ. ಇದು ಸಮುದ್ರದ ದಂಡೆಯ ಹಾಗೆ ನಿಧಾನಕ್ಕೆ ಇಳಿಯುವ ಮರಳಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಮಲೆನಾಡಿನ ನೆಲ. ಯಾರದೋ ಗದ್ದೆಯ ಅಂಚಿನಲ್ಲಿ ನಿಂತಿದ್ದೇವೆ ಅನ್ನುವುದು ಗೊತ್ತಿಲ್ಲದೆ ಮುಂದಿನ ಹೆಜ್ಜೆ ಇಡುತ್ತೇವೆ. ಇಲ್ಲಿಗೆ ಬರುವವರು ದಯವಿಟ್ಟು ನೆನಪಿಟ್ಟುಕೊಳ್ಳಿ. ದಂಡೆಯ ಇಳಿಜಾರು ನೋಡಿ ಆಳ ಅಂದಾಜು ಮಾಡಬೇಡಿ.

ಅತ್ತೆಯೇ ಸ್ವಲ್ಪ ಆಚೆ ಬೇರೆ ಜಾಗ ಹುಡುಕಿದರು. ಅಲ್ಲಿ ನೀರು ಇಳಿದು ಗದ್ದೆಯ ಹಾಳಿ, ಅಂದರೆ ಬದು, ಕಾಣುತ್ತಿತ್ತು. ಸವೆದಿದ್ದರೂ ಗೆರೆ ಎಳೆದ ಹಾಗೆ ಇತ್ತು. ಹಾಳಿಯೊಳಗಿನ ಸಪಾಟು ಜಾಗದಲ್ಲಿ ಪಾದ ಮುಳುಗುವಷ್ಟೇ ನೀರು. ಮೈದುನ ಗಳ ಹಿಡಿದು ಆಚೆ ಅಂಚಿನಲ್ಲಿ ಕಾವಲು ನಿಂತ. ಮಕ್ಕಳು ಗಂಟೆಗಟ್ಟಲೆ ಅಲ್ಲೇ ಕೆಸರಲ್ಲಿ ಬಿದ್ದು ಆಡಿದರು. "ಅಜ್ಜಿ, ನಿಮ್ಮನೆ ಗದ್ದೆ ಇದೇನಾ?" ಅಂತ ನನ್ನ ಮಗ ಕೇಳಿದ.

"ಅಲ್ಲ ಅಪ್ಪಿ, ನಮ್ಮದು ಇನ್ನೂ ಒಳಗೆ. ಅದು ಬೇಸಿಗೆಗೂ ಕಾಣಲ್ಲ."

ಊಟ ಹಾಳೆ ತಟ್ಟೆಯಲ್ಲಿ. ಕೆಸರಾಡಿದ ಹಸಿವಿಗೆ ಚಿತ್ರಾನ್ನದ ಪಾತ್ರೆ ಕ್ಷಣದಲ್ಲಿ ಖಾಲಿ. ತೊಡೆದೇವಿನ ಡಬ್ಬಿಯ ಮುಚ್ಚಳ ತೆಗೆದಿಟ್ಟು ಮರೆತಿದ್ದೆ. ನೀರಿನ ಗಾಳಿಗೆ ಮೇಲಿನ ನಾಲ್ಕು ಮೆತ್ತಗಾಗಿದ್ದವು. ಅತ್ತೆ ಅವನ್ನು ತಮ್ಮ ತಟ್ಟೆಗೆ ಹಾಕಿಕೊಂಡು, ಫ್ಲಾಸ್ಕಿನಿಂದ ಬಿಸಿ ಹಾಲು ಸುರಿದು, ತುಪ್ಪ ಬಿಟ್ಟು ತಿಂದರು. ಕಸವನ್ನೆಲ್ಲ ಚೀಲಕ್ಕೆ ತುಂಬಿ ಕಾರಿಗೆ ಹಾಕಿಕೊಂಡೆವು. ಬೆಳಿಗ್ಗೆ ಹೆಕ್ಕಿದ ಗಾಜನ್ನೂ.

ಸಂಜೆ ಐದೂವರೆಗೆ ಮತ್ತೆ ಸೇತುವೆ. ಬಿಸಿಲು ಕೆಂಪಾಗಿ ನೀರಿನ ಮೇಲೆ ಬಿದ್ದಿತ್ತು. "ನಿಧಾನ ಹೊಡಿ" ಅಂದರು ಅತ್ತೆ. ಇವರು ನಿಧಾನ ಮಾಡಿದರು. ಅತ್ತೆ ಬಲಗಡೆ ದೂರದ ಒಂದು ಗುಡ್ಡವನ್ನೇ ನೋಡುತ್ತಿದ್ದರು. ಮಗಳು ಅವರ ಭುಜಕ್ಕೆ ಗಲ್ಲ ಇಟ್ಟು ತಾನೂ ಅಲ್ಲೇ ನೋಡಿದಳು. ಈಚೆ ದಡ ಬಂತು. ಊರಿನ ರಸ್ತೆಗೆ ಕಾರು ತಿರುಗುವಷ್ಟರಲ್ಲಿ ಅತ್ತೆ ಮೆಲ್ಲಗೆ ಕೇಳಿದರು.

"ಇನ್ನೊಂದ್ಸಲ ಹೋಗಿ ಬರೋಣವಾ?"

ಇವರು ಮಾತಾಡದೆ ಕಾರು ತಿರುಗಿಸಿದರು.