ಹತ್ತನೇ ವಿಕೆಟ್ ಯಾರದ್ದು ಗೊತ್ತಾ?

1999ರ ಫೆಬ್ರವರಿ 7, ಭಾನುವಾರ. ನಮ್ಮ ಹಾಸ್ಟೆಲಿನ ಟೀವಿ ರೂಮಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ದಿಲ್ಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಮೇಲೆ ಟೆಸ್ಟು, ಕುಂಬ್ಳೆ ಆಗಲೇ ಒಂಬತ್ತು ವಿಕೆಟ್ ತೆಗೆದಾಗಿತ್ತು. ಇನ್ನೊಂದು ತುದಿಯಿಂದ ಶ್ರೀನಾಥ್, ತನಗೆಲ್ಲಿ ವಿಕೆಟ್ ಬಿದ್ದುಬಿಡುತ್ತೋ ಅಂತ ಹೆದರಿಕೊಂಡು ಆಫ್ ಸ್ಟಂಪಿನಿಂದ ಮಾರು ದೂರಕ್ಕೆ ಬೌಲ್ ಹಾಕುತ್ತಿದ್ದ. ಆಮೇಲೆ ಕುಂಬ್ಳೆಯ ಒಂದು ಬಾಲ್ ಬ್ಯಾಟಿಗೆ ತಾಗಿ ಶಾರ್ಟ್ ಲೆಗ್ಗಿನಲ್ಲಿ ನಿಂತಿದ್ದ ಲಕ್ಷ್ಮಣ್ ಕೈಗೆ ಬಂತು. 74 ರನ್ನಿಗೆ ಹತ್ತು. ಬೆಂಚು, ಕುರ್ಚಿ, ಬಕೆಟ್ಟು ಎಲ್ಲ ತಮಟೆ ಆದವು. ನಾನೂ ಕುಣಿದೆ.

ಕುಂಬ್ಳೆಯ ಹತ್ತು ವಿಕೆಟ್ ಎಲ್ಲರಿಗೂ ನೆನಪಿದೆ. ಆ ಹತ್ತನೆಯವನು ಯಾರು ಅಂತ ಕೇಳಿ ನೋಡಿ, ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ವಾಸಿಂ ಅಕ್ರಂ. ಪಾಕಿಸ್ತಾನದ ಕ್ಯಾಪ್ಟನ್, ಎಡಗೈ ಫಾಸ್ಟ್ ಬೌಲರ್, 37 ರನ್ ಹೊಡೆದು ಔಟಾದ. ಕುಣಿದು ಮುಗಿದ ಮೇಲೆ ನನಗೆ ಒಂಥರಾ ಆಯಿತು, ಇವನೇ ಯಾಕಾಗಬೇಕಿತ್ತು, ಬೇರೆ ಯಾರಾದರೂ ಆಗಬಾರದಿತ್ತಾ ಅಂತ. ಆ ರೂಮಿನಲ್ಲಿ ಇದನ್ನ ಬಾಯಿಬಿಟ್ಟು ಹೇಳಿದ್ದರೆ ಒದೆ ಗ್ಯಾರಂಟಿ ಇತ್ತು, ಸುಮ್ನೆ ಇದ್ದೆ. ಈಗ ಹೇಳುತ್ತಿದ್ದೇನೆ.

(ಏಕವಚನಕ್ಕೆ ಬೇಜಾರು ಮಾಡ್ಕೋಬೇಡಿ. ಅಕ್ರಂ ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡವರು. ಆದರೆ ಕ್ರಿಕೆಟ್ ಆಡೋರನ್ನ 'ಅವರು' ಅಂದರೆ ನನಗೆ ಯಾಕೋ ದೂರದವರ ಬಗ್ಗೆ ಮಾತಾಡಿದ ಹಾಗಾಗುತ್ತೆ.)

ನನ್ನ ಈ ಅಕ್ರಂ ಕಾಯಿಲೆ ಶುರುವಾಗಿದ್ದು ಅದಕ್ಕೂ ಮುಂಚೆ, ಟೆನ್ನಿಸ್ ಬಾಲಿನಿಂದ. ಟೆನ್ನಿಸ್ ಬಾಲಿನ ಅರ್ಧಕ್ಕೆ ಮಾತ್ರ ಕರೆಂಟ್ ಟೇಪ್ ಸುತ್ತಿ ಎಸೆದರೆ ಅದು ಗಾಳಿಯಲ್ಲಿ ಹಾವಿನ ಥರ ತಿರುಗುತ್ತೆ. ಅಂಗಡಿಯಿಂದ ಟೇಪ್ ತರೋದು, ಅಪ್ಪ ಕೇಳಿದರೆ ಸ್ವಿಚ್ ಬೋರ್ಡಿಗೆ ಅನ್ನೋದು. ನಾನು ಬಲಗೈಯವನು. ಆದರೂ ಒಂದಿಡೀ ಬೇಸಿಗೆ ರಜೆ ಎಡಗೈಯಲ್ಲಿ ಬೌಲ್ ಹಾಕಿದ್ದೇನೆ. ಬಾಲ್ ಪಕ್ಕದ ಮನೆ ಕಾಂಪೌಂಡಿಗೆ ಹೋಗುತ್ತಿತ್ತು, ವಿಕೆಟ್ಟಿಗೆ ಹೋಗುತ್ತಿರಲಿಲ್ಲ. ಅಕ್ರಂ ಕೂಡ ಲಾಹೋರಿನಲ್ಲಿ ಟೇಪ್ ಸುತ್ತಿದ ಟೆನ್ನಿಸ್ ಬಾಲಿನಲ್ಲೇ ಆಡಿ ಬೆಳೆದವನು ಅಂತ ಎಷ್ಟೋ ವರ್ಷದ ಮೇಲೆ ಓದಿದಾಗ, ನನಗೂ ಅವನಿಗೂ ಬಾಲ್ ಒಂದೇ, ಕೈ ಮಾತ್ರ ಬೇರೆ ಅಂತ ಸಮಾಧಾನ ಮಾಡಿಕೊಂಡೆ.

ಅಕ್ರಂ ಹುಟ್ಟಿದ್ದು 1966ರ ಜೂನ್ 3ಕ್ಕೆ. ಹದಿನೆಂಟು ವಯಸ್ಸಿನ ತನಕ ದೊಡ್ಡ ಮಟ್ಟದಲ್ಲಿ ಆಡಿದ್ದೇ ಇಲ್ಲ. ಲಾಹೋರಿನ ನೆಟ್ಸಿನಲ್ಲಿ ಪಾಕಿಸ್ತಾನದ ಬ್ಯಾಟ್ಸ್‌ಮನ್ ಜಾವೇದ್ ಮಿಯಾಂದಾದ್ ಕಣ್ಣಿಗೆ ಬಿದ್ದ, ಅಷ್ಟೇ. 1984ರಲ್ಲಿ ರಾವಲ್ಪಿಂಡಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ಮೊದಲ ಫಸ್ಟ್ ಕ್ಲಾಸ್ ಮ್ಯಾಚು, 50 ರನ್ನಿಗೆ 7 ವಿಕೆಟ್. ಕೆಲವೇ ವಾರಕ್ಕೆ ನ್ಯೂಜಿಲೆಂಡ್ ಪ್ರವಾಸಕ್ಕೆ ಹೆಸರು ಬಂತು. ಆಗ ಅವನು ಮಿಯಾಂದಾದ್ ಹತ್ತಿರ ಹೋಗಿ, ಖರ್ಚಿಗೆ ನಾನು ಎಷ್ಟು ದುಡ್ಡು ತರಬೇಕು ಅಂತ ಕೇಳಿದನಂತೆ. ದೇಶಕ್ಕೆ ಆಡಿದರೆ ಅವರೇ ದುಡ್ಡು ಕೊಡ್ತಾರೆ ಅನ್ನೋದು ಹುಡುಗನಿಗೆ ಗೊತ್ತಿರಲಿಲ್ಲ. ಆ ಪ್ರವಾಸದಲ್ಲೇ ಡ್ಯುನೆಡಿನ್ನಿನಲ್ಲಿ, ತನ್ನ ಎರಡನೇ ಟೆಸ್ಟಿನಲ್ಲಿ, ಹತ್ತು ವಿಕೆಟ್ ತೆಗೆದ.

ಅವನನ್ನ ಆಡೋದು ಅಷ್ಟು ಕಷ್ಟ ಯಾಕಾಗಿತ್ತು ಅಂತ ನನಗೆ ಅರ್ಥವಾದಷ್ಟು ಹೇಳ್ತೀನಿ. ಹೊಸ ಬಾಲ್ ಹೊಲಿಗೆ ಯಾವ ಕಡೆ ಮುಖ ಮಾಡಿರುತ್ತೋ ಆ ಕಡೆ ತಿರುಗುತ್ತೆ, ಇದು ಎಲ್ಲ ಬೌಲರ್‌ಗೂ ಗೊತ್ತು. ಬಾಲ್ ಹಳೆಯದಾಗಿ ಒಂದು ಮೈ ಒರಟಾಗಿ, ಇನ್ನೊಂದು ಮೈಯನ್ನ ಬೆವರು ಹಾಕಿ ಪ್ಯಾಂಟಿಗೆ ಉಜ್ಜಿ ಉಜ್ಜಿ ಹೊಳಪಾಗಿ ಇಟ್ಟುಕೊಂಡರೆ, ಜೋರಾಗಿ ಹಾಕಿದಾಗ ಅದು ಉಲ್ಟಾ ತಿರುಗುತ್ತೆ, ಹೊಳಪಿನ ಕಡೆಗೇ. ಅದೇ ರಿವರ್ಸ್ ಸ್ವಿಂಗ್. ಪಾಕಿಸ್ತಾನದ ಹಳೇ ಫಾಸ್ಟ್ ಬೌಲರ್ ಸರ್ಫರಾಜ್ ನವಾಜ್ ಇಮ್ರಾನ್ ಖಾನ್‌ಗೆ ಹೇಳಿಕೊಟ್ಟ, ಇಮ್ರಾನ್ ಅಕ್ರಂಗೆ, ವಕಾರ್ ಯೂನಿಸ್‌ಗೆ. ಬ್ಯಾಟ್ಸ್‌ಮನ್ ಏನು ಮಾಡ್ತಾನೆ? ಬೌಲರ್ ಓಡಿ ಬರುವಾಗ ಹೊಳಪು ಯಾವ ಕಡೆ ಇದೆ ಅಂತ ಅವನ ಕೈಯನ್ನೇ ನೋಡ್ತಾನೆ. ಅಕ್ರಂ ಅದಕ್ಕೂ ಅವಕಾಶ ಕೊಡುತ್ತಿರಲಿಲ್ಲ. ಓಡಿ ಬರುವಾಗ ಎಡಗೈಯಲ್ಲಿರೋ ಬಾಲಿನ ಮೇಲೆ ಬಲಗೈ ಮುಚ್ಚಿಕೊಂಡು ಬರುತ್ತಿದ್ದ, ಇಸ್ಪೀಟ್ ಆಡೋನು ಎಲೆ ಮುಚ್ಚಿಕೊಂಡ ಹಾಗೆ. ಕೈ ಬಿಚ್ಚಿದ ಮೇಲೆ ಉಳಿಯೋ ಟೈಮು ಎಷ್ಟು? ಓಟವೂ ಚಿಕ್ಕದು, ತೋಳು ಸುತ್ತೋದು ಚಾಟಿ ಬೀಸಿದ ಹಾಗೆ. ವಕಾರ್ ಅಷ್ಟು ದೂರದಿಂದ ಓಡಿ ಬರುವಾಗ ಹೆದರಿಕೊಳ್ಳೋಕಾದರೂ ಟೈಮ್ ಸಿಗುತ್ತಿತ್ತು, ಅಕ್ರಂ ಅದನ್ನೂ ಕೊಡುತ್ತಿರಲಿಲ್ಲ!

ಇಂಗ್ಲೆಂಡಿನವರು ಇದಕ್ಕೆ ಮೋಸ ಅಂದರು. 1992ರ ಪ್ರವಾಸದಲ್ಲಿ ಅಕ್ರಂ 21, ವಕಾರ್ 22 ವಿಕೆಟ್ ಕಿತ್ತಾಗ ಬಾಲ್ ಕೆರೆದಿದ್ದಾರೆ ಅಂತ ದೊಡ್ಡ ಗಲಾಟೆ. ಬಾಲ್ ಕೆರೆಯೋದು ಆ ಕಾಲದಲ್ಲಿ ಯಾರೂ ಮಾಡದ ಪಾಪವೇನಲ್ಲ ಬಿಡಿ. ಆದರೆ ಕೆರೆದ ಬಾಲನ್ನೇ ನನ್ನ ಕೈಗೆ ಕೊಟ್ಟರೂ ನಾನು ಹಾಕೋದು ಪಕ್ಕದ ಮನೆ ಕಾಂಪೌಂಡಿಗೇ ಅಲ್ವಾ?

ಅದೇ ವರ್ಷ ಮಾರ್ಚ್ 25ಕ್ಕೆ ಮೆಲ್ಬರ್ನ್‌ನಲ್ಲಿ ವಿಶ್ವಕಪ್ ಫೈನಲ್, ಪಾಕಿಸ್ತಾನಕ್ಕೆ ಎದುರಾಳಿ ಇಂಗ್ಲೆಂಡ್. ಇದನ್ನ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಅಕ್ರಂ ಮೊದಲು 18 ಬಾಲಿನಲ್ಲಿ 33 ಹೊಡೆದ, ಆಮೇಲೆ ಬೋಥಮ್‌ನನ್ನ ಸೊನ್ನೆಗೆ ಕಳಿಸಿದ. 69ಕ್ಕೆ 4 ಆಗಿದ್ದ ಇಂಗ್ಲೆಂಡನ್ನ ಲ್ಯಾಂಬ್ ಮತ್ತು ಫೇರ್‌ಬ್ರದರ್ 141ರ ತನಕ ತಂದರು. ಮ್ಯಾಚು ಕೈ ಜಾರುತ್ತಿತ್ತು. ಕ್ಯಾಪ್ಟನ್ ಇಮ್ರಾನ್ ಅಕ್ರಂನನ್ನ ವಾಪಸ್ ಕರೆದ. ಟೂರ್ನಿ ಶುರುವಲ್ಲಿ ಸಿಕ್ಕಾಪಟ್ಟೆ ವೈಡು, ನೋಬಾಲು ಹಾಕುತ್ತಿದ್ದ ಇವನಿಗೆ ಇಮ್ರಾನ್ ಹೇಳಿದ್ದು ಒಂದೇ, ವೈಡ್ ನೋಬಾಲ್ ತಲೆ ಕೆಡಿಸ್ಕೋಬೇಡ, ಜೋರಾಗಿ ಹಾಕು ಅಂತ.

ರೌಂಡ್ ದಿ ವಿಕೆಟ್ ಬಂದ, ಅಂದರೆ ಸ್ಟಂಪಿನ ಇನ್ನೊಂದು ಪಕ್ಕದಿಂದ. ಲ್ಯಾಂಬ್‌ಗೆ ಹಾಕಿದ ಬಾಲ್ ಒಳಗೆ ಬರುವ ಹಾಗೇ ಬಂತು, ಲ್ಯಾಂಬ್ ಅದಕ್ಕೇ ತಯಾರಾದ, ಪಿಚ್ ಬಿದ್ದ ಮೇಲೆ ಅದು ಆಚೆ ಕಡೆ ಹೊರಳಿ ಬ್ಯಾಟಿನ ಪಕ್ಕದಿಂದ ಹಾದು ಸ್ಟಂಪು ಎತ್ತಿಕೊಂಡು ಹೋಯಿತು. ಮುಂದಿನವನು ಕ್ರಿಸ್ ಲೂಯಿಸ್. ಲ್ಯಾಂಬ್‌ಗೆ ಆಚೆ ಹೋಗಿದ್ದನ್ನ ನೋಡಿಯೇ ಬಂದಿರ್ತಾನೆ ಪಾಪ. ಅವನಿಗೆ ಹಾಕಿದ್ದು ಒಳಗೆ ನುಗ್ಗಿತು, ಬ್ಯಾಟಿನ ಒಳ ಅಂಚಿಗೆ ತಾಗಿ ಸ್ಟಂಪು. ಎರಡು ಬಾಲು, ಒಂದೇ ಓಟ, ಒಂದೇ ಕೈ, ಎರಡು ದಿಕ್ಕು. 141ಕ್ಕೆ 6. ಪಾಕಿಸ್ತಾನ 22 ರನ್ನಿನಿಂದ ಗೆದ್ದಿತು. ಆ ವಿಶ್ವಕಪ್ಪಿನಲ್ಲಿ ಎರಡು ತುದಿಯಿಂದ ಬೇರೆ ಬೇರೆ ಬಾಲ್ ಬಳಸುತ್ತಿದ್ದರು. ಅಂದರೆ 35ನೇ ಓವರಿನಲ್ಲೂ ಆ ಬಾಲಿನ ವಯಸ್ಸು 17 ಓವರ್ ಅಷ್ಟೇ. ಅಷ್ಟು ಎಳೇ ಬಿಳಿ ಬಾಲು ಹೀಗೆ ಕುಣಿದಿದ್ದು ನನಗೆ ಇವತ್ತಿಗೂ ಆಶ್ಚರ್ಯ.

ನಮ್ಮ ಚಿನ್ನಸ್ವಾಮಿ ಸ್ಟೇಡಿಯಂಗೂ ಇವನಿಗೂ ವಿಚಿತ್ರ ನಂಟು. 1987ರ ಮಾರ್ಚ್‌ನ ಟೆಸ್ಟು ಅಂದರೆ ಗಾವಸ್ಕರ್ ಹೊಡೆದ 96, ಇಕ್ಬಾಲ್ ಕಾಸಿಂ ಮತ್ತು ತೌಸೀಫ್ ಅಹ್ಮದ್ ತೆಗೆದ ತಲಾ ಒಂಬತ್ತು ವಿಕೆಟ್. ಇಪ್ಪತ್ತರಲ್ಲಿ ಹದಿನೆಂಟು ಸ್ಪಿನ್ನರ್‌ಗಳದ್ದು. ಉಳಿದ ಎರಡು? ಕೊನೆಯ ಇನ್ನಿಂಗ್ಸಿನಲ್ಲಿ ಶ್ರೀಕಾಂತ್, ಅಮರನಾಥ್ ಇಬ್ಬರನ್ನೂ ಶುರುವಲ್ಲೇ ಅಕ್ರಂ ಎತ್ತಿದ್ದ. ನಾವು ಸೋತಿದ್ದು 16 ರನ್ನಿನಿಂದ. 1996ರ ಮಾರ್ಚ್ 9ರ ವಿಶ್ವಕಪ್ ಕ್ವಾರ್ಟರ್ ಫೈನಲ್ಲಿಗೆ ಬಂದರೆ ಅವನು ಕ್ಯಾಪ್ಟನ್, ಆದರೆ ಪಕ್ಕೆ ನೋವು ಅಂತ ಕೊನೇ ಗಳಿಗೆಯಲ್ಲಿ ಹೊರಗೆ ಕೂತ. ಅಜಯ್ ಜಡೇಜಾ 25 ಬಾಲಿಗೆ 45 ಚಚ್ಚಿದ್ದು, ಕೆಣಕಿದ ಸೋಹೈಲ್‌ಗೆ ಪ್ರಸಾದ್ ವಿಕೆಟ್ ಎತ್ತಿ ಉತ್ತರ ಕೊಟ್ಟಿದ್ದು ನಮಗೆಲ್ಲ ಬಾಯಿಪಾಠ. ಅತ್ತ ಲಾಹೋರಿನಲ್ಲಿ ಅಕ್ರಂ ಮನೆಗೆ ಕಲ್ಲು ಬಿತ್ತು, ಪ್ರತಿಕೃತಿ ಸುಟ್ಟರು. ಅವನು ಇದ್ದಿದ್ದರೆ ಕೊನೆಯ ಓವರುಗಳಲ್ಲಿ ಜಡೇಜಾ ಹಾಗೆ ಹೊಡೆಯುತ್ತಿದ್ದನಾ? ನಾವು ಗೆದ್ದಾಗಿದೆ, ಆ ಪ್ರಶ್ನೆ ಬೇಡ ಬಿಡಿ.

ಅದೇ ವರ್ಷ ಅಕ್ಟೋಬರಿನಲ್ಲಿ ಶೇಖುಪುರದಲ್ಲಿ ಜಿಂಬಾಬ್ವೆ ಮೇಲೆ ಎಂಟನೇ ನಂಬರಿಗೆ ಬಂದು ಔಟಾಗದೆ 257 ಹೊಡೆದ, ಅದರಲ್ಲಿ 12 ಸಿಕ್ಸರ್. ಒಂದು ಟೆಸ್ಟ್ ಇನ್ನಿಂಗ್ಸಿನಲ್ಲಿ ಸಿಕ್ಸರ್‌ಗಳ ದಾಖಲೆ ಅದು. ನಮ್ಮ ಜೈಸ್ವಾಲ್ ಸರಿಗಟ್ಟಿದ್ದು 2024ರಲ್ಲಿ.

1997ರಲ್ಲಿ ಅವನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ಮೂವತ್ತು ವರ್ಷದ ಫಾಸ್ಟ್ ಬೌಲರ್, ದಿನಾ ಇನ್ಸುಲಿನ್. ಮುಂದೆ ಹೇಳೋದೆಲ್ಲ ಆ ಸೂಜಿ ಚುಚ್ಚಿಕೊಂಡೇ ಆಡಿದ್ದು ಅನ್ನೋದು ತಲೆಯಲ್ಲಿರಲಿ.

1999ರ ಜನವರಿ, ಪಾಕಿಸ್ತಾನದ ಮೇಲೆ ಚೆನ್ನೈ ಟೆಸ್ಟು. ನಮ್ಮ ಟೀಮಿನಲ್ಲಿ ಐದು ಜನ ಕರ್ನಾಟಕದವರು: ದ್ರಾವಿಡ್, ಕುಂಬ್ಳೆ, ಶ್ರೀನಾಥ್, ಪ್ರಸಾದ್, ಸುನಿಲ್ ಜೋಶಿ. ಪ್ರಸಾದ್ 33ಕ್ಕೆ 6 ತೆಗೆದು ನಮಗೆ 271ರ ಗುರಿ ಕೊಡಿಸಿದ್ದ. ನಾಲ್ಕನೇ ದಿನ ಬೆಳಿಗ್ಗೆ ದ್ರಾವಿಡ್‌ಗೆ ಅಕ್ರಂ ಒಂದು ಬಾಲ್ ಹಾಕಿದ. ಲೆಗ್ ಸ್ಟಂಪಿನ ಕಡೆ ಬಿತ್ತು. ದ್ರಾವಿಡ್ ಅಂದರೆ ಗೋಡೆ, ಬ್ಯಾಟು ನೆಟ್ಟಗೆ ತಂದ, ತಪ್ಪು ಅನ್ನೋ ಹಾಗೇ ಇಲ್ಲ. ಬಾಲು ಆ ಬ್ಯಾಟನ್ನ ಸುತ್ತು ಹಾಕಿ ಆಫ್ ಸ್ಟಂಪಿನ ತುದಿಗೆ ಬಡಿಯಿತು. ದ್ರಾವಿಡ್ ಅಭಿಮಾನಿಯಾಗಿ ಹೇಳ್ತೀನಿ, ಆ ಔಟಿಗೆ ನನಗೆ ಬೇಜಾರೇ ಆಗಲಿಲ್ಲ. ಆಮೇಲೆ ಸಚಿನ್ ಬೆನ್ನು ನೋವಿನಲ್ಲಿ 136 ಹೊಡೆದು, ಗೆಲ್ಲೋಕೆ 17 ಬೇಕಿದ್ದಾಗ ಸಕ್ಲೇನ್‌ಗೆ ಎತ್ತಿ ಹೊಡೆದ. ಕ್ಯಾಚ್ ಹಿಡಿದಿದ್ದು ಯಾರು? ಮತ್ತೆ ಅವನೇ. 12 ರನ್ನಿನಿಂದ ಸೋತೆವು. ಚೆನ್ನೈ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಪಾಕಿಸ್ತಾನ ಟೀಮು ಮೈದಾನ ಪೂರ್ತಿ ಒಂದು ಸುತ್ತು ಬಂತು.

ಹತ್ತು ವರ್ಷ ಬಿಟ್ಟು, 2009ರ ಅಕ್ಟೋಬರಿನಲ್ಲಿ, ಅಕ್ರಂ ಮತ್ತೆ ಚೆನ್ನೈನಲ್ಲಿ ಇಳಿದ. ಹೆಂಡತಿ ಹುಮಾಗೆ ತುಂಬಾ ಹುಷಾರಿರಲಿಲ್ಲ, ಏರ್ ಆಂಬ್ಯುಲೆನ್ಸ್‌ನಲ್ಲಿ ಸಿಂಗಾಪುರಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಇಂಧನ ಹಾಕಿಸಿಕೊಳ್ಳೋಕೆ ವಿಮಾನ ಚೆನ್ನೈನಲ್ಲಿ ನಿಂತಿತು. ಆಕೆಗೆ ಪ್ರಜ್ಞೆ ತಪ್ಪಿತು. ಇವರ ಹತ್ತಿರ ಇದ್ದಿದ್ದು ಪಾಕಿಸ್ತಾನಿ ಪಾಸ್‌ಪೋರ್ಟು, ಭಾರತದ ವೀಸಾ ಇಲ್ಲ. ಏರ್‌ಪೋರ್ಟಿನಲ್ಲಿದ್ದವರು ಗುರುತು ಹಿಡಿದರು, ವೀಸಾ ಆಮೇಲೆ ನೋಡೋಣ, ಮೊದಲು ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂದರು. ಅದನ್ನ ಎಂದೂ ಮರೆಯಲ್ಲ ಅಂತ ಅವನೇ ಹೇಳಿಕೊಂಡಿದ್ದಾನೆ. ಹುಮಾ ಉಳಿಯಲಿಲ್ಲ. ಆಟ ಬಿಟ್ಟ ಮೇಲೆ ತಾನು ಕೊಕೇನ್ ಚಟಕ್ಕೆ ಬಿದ್ದಿದ್ದು, ಆಕೆ ತೀರಿಕೊಂಡ ಮೇಲೆ ಅದನ್ನ ಬಿಟ್ಟಿದ್ದು, ಎಲ್ಲವನ್ನೂ 2022ರಲ್ಲಿ ಬಂದ ಆತ್ಮಕಥೆಯಲ್ಲಿ ಬರೆದುಕೊಂಡ.

ಇನ್ನೊಂದು ವಿಷಯ ಹೇಳದೆ ಹೋದರೆ ಮೋಸ. ಮ್ಯಾಚ್ ಫಿಕ್ಸಿಂಗ್. ಅದನ್ನ ಪಾಕಿಸ್ತಾನದಲ್ಲಿ ತನಿಖೆ ಮಾಡಿದ ನ್ಯಾಯಮೂರ್ತಿ ಕಯ್ಯೂಮ್ ವರದಿ 2000ದಲ್ಲಿ ಹೊರಬಂದಾಗ ಮಾಜಿ ಕ್ಯಾಪ್ಟನ್ ಸಲೀಂ ಮಲಿಕ್‌ಗೆ ಆಜೀವ ನಿಷೇಧ ಬಿತ್ತು. ಅಕ್ರಂ ಮೇಲಿನ ಆರೋಪ ಸಾಬೀತಾಗಲಿಲ್ಲ, ಸಾಕ್ಷಿ ಹೇಳಿದವನೇ ಮಾತು ಬದಲಿಸಿದ. ಆದರೆ ಅವನು ಸಂಶಯಕ್ಕೆ ಹೊರತಲ್ಲ, ಕ್ಯಾಪ್ಟನ್ ಮಾಡಬೇಡಿ ಅಂತ ವರದಿ ಬರೆದು 3 ಲಕ್ಷ ದಂಡ ಹಾಕಿತು. ಮುಂದೆ ಕಯ್ಯೂಮ್ ಅವರೇ, ಅಕ್ರಂ ಬಗ್ಗೆ ನನಗೆ ಸ್ವಲ್ಪ ಮೆದು ಮನಸ್ಸಿತ್ತು ಅಂತ ಒಪ್ಪಿಕೊಂಡರು. ತಾನು ಏನೂ ಮಾಡಿಲ್ಲ ಅಂತಲೇ ಅಕ್ರಂ ಇವತ್ತಿಗೂ ಹೇಳೋದು. ನಾನು ಯಾವ ಕಡೆ? ಲ್ಯಾಂಬ್ ಬಾಲನ್ನ ನೋಡುವಾಗ ಆ ವರದಿ ನೆನಪಾಗಲ್ಲ. ವರದಿ ಓದುವಾಗ ಮಾತ್ರ ಆ ಬಾಲು ನೆನಪಿಗೆ ಬಂದು ಕಾಟ ಕೊಡುತ್ತೆ. ನಾನೂ ಕಯ್ಯೂಮ್ ಥರವೇ ಅಂತ ಕಾಣುತ್ತೆ.

104 ಟೆಸ್ಟಿನಲ್ಲಿ 414 ವಿಕೆಟ್, 356 ಒನ್‌ಡೇಯಲ್ಲಿ 502. ಒನ್‌ಡೇಯಲ್ಲಿ ಐನೂರು ದಾಟಿದ ಮೊದಲಿಗ, ಅದೂ 2003ರ ವಿಶ್ವಕಪ್ಪಿನಲ್ಲಿ. ಆ ಟೂರ್ನಿಯಲ್ಲೇ ಸೆಂಚುರಿಯನ್‌ನಲ್ಲಿ ನಮ್ಮ ಮೇಲೆ ಆಡುವಾಗ ಸಚಿನ್ 32ರಲ್ಲಿದ್ದಾಗ ಅಕ್ರಂ ಬೌಲಿಂಗಿನಲ್ಲಿ ಕ್ಯಾಚ್ ಎತ್ತಿದ, ಅಬ್ದುಲ್ ರಜಾಕ್ ಕೈಗೆ ತಾಗಿ ಬಿದ್ದುಹೋಯಿತು. ಯಾರ ಕ್ಯಾಚ್ ಬಿಟ್ಟೆ ಗೊತ್ತಾ ನಿಂಗೆ ಅಂತ ಅಕ್ರಂ ಅಲ್ಲೇ ಬೈದನಂತೆ. ಸಚಿನ್ 98 ಹೊಡೆದ.

ಮೂರು ದಿನಕ್ಕೆ ಬುಲವಾಯೋದಲ್ಲಿ ಜಿಂಬಾಬ್ವೆ ಜೊತೆ ಮ್ಯಾಚು. ಪಾಕಿಸ್ತಾನ ಬ್ಯಾಟ್ ಮಾಡುತ್ತಿದ್ದಾಗಲೇ ಮಳೆ ಬಂತು, ಆಟ ಅಲ್ಲಿಗೇ ನಿಂತಿತು. ಅದು ಅವನ ಕೊನೆಯ ಮ್ಯಾಚು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಒಂದು ಬಾಲೂ ಹಾಕಲಿಲ್ಲ. ಮಾರನೇ ದಿನ ಪೇಪರಿನಲ್ಲಿ ಹುಡುಕಿದೆ, ಮಳೆಯಿಂದ ಪಂದ್ಯ ರದ್ದು ಅಂತ ಕೆಳಗಿನ ಮೂಲೆಯಲ್ಲಿ ನಾಲ್ಕು ಸಾಲು ಹಾಕಿದ್ದರು.