ಕತ್ತಿ ಕಟ್ಟಿಕೊಂಡು ಮತ ಹಾಕುವ ಊರಿನಲ್ಲಿ

ಸ್ವಿಟ್ಜರ್ಲೆಂಡಿನ ಅಪೆನ್‌ಜೆಲ್‌ನ ಗಂಡಸರು ಊರ ಚೌಕದ ಸಭೆಯಲ್ಲಿ ಮತ ಹಾಕಲು ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಬರುತ್ತಾರೆ. ನಮ್ಮ ಮತದಾರರ ಗುರುತಿನ ಚೀಟಿ ಇದ್ದಂತೆ ಅವರಿಗೆ ಆ ಕತ್ತಿ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬರುವ ಆಸ್ತಿ ಅದು. ಹೆಂಗಸರಿಗೆ ಕತ್ತಿಯಿಲ್ಲ, ಸರ್ಕಾರ ಕಳಿಸಿದ ಒಂದು ಕಾಗದದ ಚೀಟಿ ಇದೆ. ಆ ಚೀಟಿಯಾದರೂ ಅವರ ಕೈಸೇರಿದ್ದು 1991ರಲ್ಲಿ.

ಮುದ್ರಣದೋಷವಲ್ಲ, 1991ರಲ್ಲಿಯೇ. ಸ್ವಿಟ್ಜರ್ಲೆಂಡಿಗೆ ಹೋದರೆ ಹಿಮಶಿಖರಗಳಿಗಿಂತ ಮೊದಲು ಆ ಊರನ್ನು ನೋಡಬೇಕೆಂದು ನಾನು ಬಹಳ ಹಿಂದೆಯೇ ನಿಶ್ಚಯಿಸಿಕೊಂಡಿದ್ದಕ್ಕೆ ಒಂದು ಕಾರಣವಿದೆ. ನಾನು ಮೊದಲ ಬಾರಿಗೆ ಮತ ಹಾಕಿದ್ದು 1989ರ ನವೆಂಬರ್‌ನಲ್ಲಿ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಿದ್ದ ವರ್ಷ ಅದು. ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೇ ಚುನಾವಣೆ. ಊರಿನ ಪ್ರಾಥಮಿಕ ಶಾಲೆಯಲ್ಲಿ ಅಮ್ಮನ ಹಿಂದೆ ಸಾಲಿನಲ್ಲಿ ನಿಂತಿದ್ದೆ. ಅದೇ ವರ್ಷ ಅಪೆನ್‌ಜೆಲ್‌ನ ತೆರೇಸಾ ರೋನರ್ ಎಂಬ ಹೆಂಗಸು ತನಗೂ ಮತ ಬೇಕೆಂದು ತನ್ನ ಸರ್ಕಾರಕ್ಕೆ ಅರ್ಜಿ ಹಾಕಿ ಇಲ್ಲವೆನ್ನಿಸಿಕೊಂಡಿದ್ದರು ಎಂಬುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಜ್ಯೂರಿಕ್‌ನಲ್ಲಿ ನೆಲೆಸಿರುವ ಧಾರವಾಡದ ಗೆಳತಿ ಸುಮಾ ಈಗ ಅಲ್ಲಿನ ಪ್ರಜೆ. ವರ್ಷಕ್ಕೆ ನಾಲ್ಕು ಸಲದವರೆಗೂ ಅವಳ ಮನೆಗೆ ದಪ್ಪ ಲಕೋಟೆ ಬರುತ್ತದೆ. ಸುರಂಗ ಕೊರೆಯಬೇಕೆ, ಪಿಂಚಣಿ ಏರಿಸಬೇಕೆ, ಎಲ್ಲಕ್ಕೂ ಜನರ ಒಪ್ಪಿಗೆ ಬೇಕು. "ಇಲ್ಲಿ ಮಂತ್ರಿಗಳಿಗಿಂತ ನನಗೇ ಕೆಲಸ ಜಾಸ್ತಿ" ಎಂದು ಗೊಣಗುತ್ತಾ ಅಡುಗೆಮನೆಯ ಮೇಜಿನ ಮೇಲೆ ಅದನ್ನು ತುಂಬಿ ಅಂಚೆಗೆ ಹಾಕುತ್ತಾಳೆ. ಗೊಣಗಿದರೂ ಒಂದನ್ನೂ ತಪ್ಪಿಸಿದವಳಲ್ಲ.

ಮೊದಲು ಬರ್ನ್‌ಗೆ ಹೋದೆವು. ಸಂಸತ್ ಭವನದ ಮುಂದಿನ ಚೌಕದಲ್ಲಿ ನೆಲದಿಂದಲೇ 26 ಕಾರಂಜಿಗಳು ಚಿಮ್ಮುತ್ತವೆ, ಒಂದೊಂದು ಕ್ಯಾಂಟನ್‌ಗೆ ಒಂದೊಂದು. ಅಲ್ಲಿ ರಾಜ್ಯವನ್ನು ಕ್ಯಾಂಟನ್ ಎನ್ನುತ್ತಾರೆ. ಈ ಊರಿನಲ್ಲಿ 1928ರಲ್ಲಿ ಹೆಂಗಸರ ದುಡಿಮೆಯ ಬೃಹತ್ ಪ್ರದರ್ಶನ ನಡೆದಾಗ ಮೆರವಣಿಗೆಯಲ್ಲಿ ದೊಡ್ಡದೊಂದು ಬಸವನಹುಳುವನ್ನು ಎಳೆದುಕೊಂಡು ಹೋಗಿದ್ದರಂತೆ. ಮತದ ಹಕ್ಕು ಸಾಗುತ್ತಿರುವ ವೇಗ ಇದು ಎಂಬ ಅಣಕ. ಮರುವರ್ಷ ಸುಮಾರು ಎರಡೂವರೆ ಲಕ್ಷ ಸಹಿಗಳ ಮನವಿ ಸಲ್ಲಿಕೆಯಾಯಿತು. ಬಸವನಹುಳು ಅಲುಗಲಿಲ್ಲ.

1969ರ ಮಾರ್ಚ್ 1ರಂದು ಇದೇ ಚೌಕದಲ್ಲಿ ಸುಮಾರು ಐದು ಸಾವಿರ ಜನ ಸೇರಿ ಸೀಟಿ ಊದಿದರು. ಸಂದರ್ಭ ಸ್ವಾರಸ್ಯವಾದದ್ದು. ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಗೆ ಸಹಿ ಹಾಕಲು ಸರ್ಕಾರಕ್ಕೆ ಆಸೆ, ಆದರೆ ಹೆಂಗಸರ ಮತದ ವಿಷಯವೊಂದನ್ನು ಬಿಟ್ಟು. ಮಾನವ ಹಕ್ಕಿಗೆ ಷರತ್ತು! ಎಮಿಲಿ ಲೀಬರ್‌ಹೆರ್ ಎಂಬವರು ಕೆಂಪು ಕೋಟು ತೊಟ್ಟು ಅಲ್ಲಿ ಭಾಷಣ ಮಾಡಿದರು. ಮರುವರ್ಷವೇ ಜ್ಯೂರಿಕ್ ನಗರದ ಆಡಳಿತ ಮಂಡಳಿಗೆ ಆಯ್ಕೆಯಾದ ಮೊದಲ ಹೆಂಗಸು ಅವರೇ. ಈಗ ಆ ಚೌಕದಲ್ಲಿ ಮಕ್ಕಳು ಕಾರಂಜಿಗಳ ನಡುವೆ ಓಡಿ ಬಟ್ಟೆ ಒದ್ದೆ ಮಾಡಿಕೊಳ್ಳುತ್ತಿದ್ದರು. ನಾವು ಕಾಫಿ ಕುಡಿದು ಹೊರಟೆವು. ಕಾಫಿಯ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ನೋಡುವ ಅಭ್ಯಾಸವನ್ನು ಈ ದೇಶದಲ್ಲಿ ಬೇಗ ಬಿಟ್ಟಷ್ಟೂ ಒಳ್ಳೆಯದು.

ದಕ್ಷಿಣಕ್ಕೆ, ವಾಲೆ ಕ್ಯಾಂಟನ್‌ನಲ್ಲಿ ಉಂಟರ್‌ಬೇಖ್ ಎಂಬ ಹಳ್ಳಿಯಿದೆ. ಕಣಿವೆಯ ತಳದ ರಾರೋನ್‌ನಿಂದ ಕೇಬಲ್ ಕಾರಿನಲ್ಲಿ ಏರಬೇಕು. ಮೇಲೆ ಕಪ್ಪುಗಟ್ಟಿದ ಮರದ ಮನೆಗಳು, ಹುಲ್ಲುಗಾವಲು, ಎದುರು ಬೆಟ್ಟದ ಹಿಮ. 1957ರ ಮಾರ್ಚ್‌ನಲ್ಲಿ ದೇಶದ ಮುಂದೊಂದು ಪ್ರಶ್ನೆಯಿತ್ತು: ನಾಗರಿಕ ರಕ್ಷಣೆಯ ಕೆಲಸಕ್ಕೆ ಹೆಂಗಸರನ್ನೂ ಕಡ್ಡಾಯವಾಗಿ ಸೇರಿಸಿಕೊಳ್ಳಬೇಕೆ? ಇದನ್ನು ತೀರ್ಮಾನಿಸಬೇಕಾದವರು ಗಂಡಸರು ಮಾತ್ರ. ಹೊರೆ ಹೊರುವವರನ್ನೇ ಕೇಳದೆ ಇದೆಂಥ ತೀರ್ಮಾನ ಎಂದ ಉಂಟರ್‌ಬೇಖ್‌ನ ಪಂಚಾಯಿತಿ ತನ್ನ ಹೆಂಗಸರಿಗೂ ಮತಪೆಟ್ಟಿಗೆ ಇಟ್ಟಿತು. ಅಧ್ಯಕ್ಷರ ಹೆಂಡತಿ ಕಾತರೀನಾ ಝೆನ್‌ಹೊಯ್ಸರ್ನ್ ಮೊದಲು ಮತ ಹಾಕಿದರು. ಒಟ್ಟು 33 ಹೆಂಗಸರು. ಅವರ ಮತಗಳನ್ನು ಅಧಿಕೃತ ಲೆಕ್ಕಕ್ಕೆ ಸೇರಿಸಿಕೊಳ್ಳಲಿಲ್ಲ. ಹಳ್ಳಿಯನ್ನು ಸುತ್ತಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆದರೆ ಇಷ್ಟು ಎತ್ತರದ, ಇಷ್ಟು ಸಂಪ್ರದಾಯದ ಊರು ನಗರಗಳಿಗಿಂತ ಮುಂಚೆ ಎದ್ದು ನಿಂತದ್ದು ಹೇಗೆ ಎಂದು ಇಳಿಯುವಾಗ ಸುಮಾಳನ್ನು ಕೇಳಿದೆ. "ಅಧ್ಯಕ್ಷ ಒಪ್ಪಿದ್ದ, ಅಷ್ಟೆ. ಚಿಕ್ಕ ಊರಿನಲ್ಲಿ ಒಬ್ಬ ಒಪ್ಪಿದರೆ ಸಾಕು, ಒಬ್ಬ ಒಪ್ಪದಿದ್ದರೂ ಸಾಕು" ಎಂದಳು.

ಎರಡು ವರ್ಷಗಳ ನಂತರ, 1959ರ ಫೆಬ್ರವರಿ 1ರಂದು, ಹೆಂಗಸರಿಗೆ ಮತ ಕೊಡಬೇಕೆ ಎಂಬ ಪ್ರಶ್ನೆಯೇ ದೇಶದ ಗಂಡಸರ ಮುಂದೆ ಬಂತು. ಶೇಕಡಾ 67ರಷ್ಟು ಜನ ಬೇಡವೆಂದರು. ಎರಡೇ ದಿನಗಳಲ್ಲಿ ಬಾಸೆಲ್‌ನ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರ ಶಿಕ್ಷಕಿಯರು ಒಂದು ದಿನದ ಮುಷ್ಕರ ಹೂಡಿದರು. 1971ರ ಫೆಬ್ರವರಿ 7ರಂದು ಅದೇ ಪ್ರಶ್ನೆಗೆ ಶೇಕಡಾ 66ರಷ್ಟು ಗಂಡಸರು ಹೌದು ಎಂದರು. ಹನ್ನೆರಡು ವರ್ಷಗಳಲ್ಲಿ ಅಂಕಿ ಹೆಚ್ಚುಕಡಿಮೆ ತಲೆಕೆಳಗಾಗಿತ್ತು.

ಬೇರೆ ದೇಶಗಳಲ್ಲಿ ಸಂಸತ್ತು ಇಲ್ಲವೇ ಸಂವಿಧಾನ ಸಭೆ ಕೊಟ್ಟ ಹಕ್ಕನ್ನು ಇಲ್ಲಿ ಪ್ರತಿಯೊಬ್ಬ ಗಂಡಸೂ ಪೆಟ್ಟಿಗೆಯವರೆಗೆ ನಡೆದುಹೋಗಿ ಕೊಡಬೇಕಾಗಿತ್ತು. ಜನರೇ ನೇರವಾಗಿ ಆಳುವ ವ್ಯವಸ್ಥೆ ಎಂದು ಪಠ್ಯಪುಸ್ತಕದಲ್ಲಿ ಓದಿ ನಾವೆಲ್ಲ ಮೆಚ್ಚಿದ್ದೆವಲ್ಲ, ಅದೇ ವ್ಯವಸ್ಥೆ ಹೆಂಗಸರನ್ನು ಇಷ್ಟು ಕಾಲ ಹೊರಗಿಟ್ಟಿತು. ಅಧಿಕಾರ ಇರುವವರ ಒಪ್ಪಿಗೆ ಇಲ್ಲದೆ ಅಧಿಕಾರ ಹಂಚಿಕೆಯಾಗದು ಎಂದರೆ ಇನ್ನೇನಾಗುತ್ತದೆ?

ಸುಮಾಳಿಗೆ ಇಲ್ಲಿನ ಪರಿಚಯದವರು ಭಾರತದ ಹೆಂಗಸರ ಸ್ಥಿತಿಯ ಬಗ್ಗೆ ಮರುಕ ತೋರಿಸಿದಾಗಲೆಲ್ಲ ಹೇಳಲು ಒಂದು ಮಾತು ಸಿದ್ಧವಿದೆಯಂತೆ: "ನನ್ನ ಅಜ್ಜಿ 1952ರಲ್ಲೇ ಮತ ಹಾಕಿದ್ದಳು, ನಿಮ್ಮ ಅಜ್ಜಿ?" ಕೇಳಿ ನಾನೂ ಹಿಗ್ಗಿದೆ. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಮದರಾಸು ವಿಧಾನ ಪರಿಷತ್ತಿಗೆ ಸ್ಪರ್ಧಿಸಿ ಅಲ್ಪ ಅಂತರದಲ್ಲಿ ಸೋತದ್ದು 1926ರಲ್ಲಿ ಎಂದು ನಾನೂ ಒಗ್ಗರಣೆ ಸೇರಿಸಿದೆ. ಆದರೂ ಪೂರ್ತಿ ಹಿಗ್ಗಲು ಮನಸ್ಸು ಬಾರದು. ನಮ್ಮ ಆ ಮೊದಲ ಚುನಾವಣೆಯ ಪಟ್ಟಿಯಿಂದ ಸುಮಾರು 28 ಲಕ್ಷ ಹೆಂಗಸರ ಹೆಸರು ಬಿಟ್ಟುಹೋಗಿತ್ತು. ಹೆಚ್ಚಿನವರು ಉತ್ತರದ ರಾಜ್ಯಗಳವರು. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದವರು, ಸ್ವಂತ ಹೆಸರು ಹೇಳಲೊಲ್ಲದವರು.

ಅಪೆನ್‌ಜೆಲ್ ಕ್ಯಾಂಟನ್‌ನ ಮತದಾರರು ಚೌಕದಲ್ಲಿ ಸೇರಿ ಕೈಯೆತ್ತಿ ತೀರ್ಮಾನಿಸುವ ಸಭೆಯ ದಿನ, ಭಾನುವಾರ ಬೆಳಿಗ್ಗೆ, ಗೊಸಾವ್‌ನಲ್ಲಿ ದೊಡ್ಡ ರೈಲಿನಿಂದ ಇಳಿದು ಅಪೆನ್‌ಜೆಲ್‌ನ ಪುಟ್ಟ ಕೆಂಪು ರೈಲು ಹತ್ತಿದೆವು. ಹೆರಿಸೌ, ಉರ್ನೇಶ್, ಗೊಂಟನ್. ಏಪ್ರಿಲ್ ಕೊನೆಯಾದರೂ ಸೆಂಟಿಸ್ ಶಿಖರದ ಮೇಲೆ ಹಿಮ ದಟ್ಟವಾಗಿತ್ತು. ಡಬ್ಬಿಯ ತುಂಬ ಗಾಢ ಬಣ್ಣದ ಸೂಟು ತೊಟ್ಟ ಗಂಡಸರು. ಕೂರುವಾಗ ಕತ್ತಿ ಸೀಟಿಗೆ ತಗುಲದಂತೆ ಓರೆ ಮಾಡಿಕೊಳ್ಳುತ್ತಿದ್ದರು. ಹದಿಹರೆಯ ದಾಟಿದ ಹುಡುಗನೊಬ್ಬನ ಬಳಿ ಕತ್ತಿಯ ಬದಲು ಹಳೆಯ ಬಂದೂಕಿನ ಸನೀನು ಇತ್ತು. ಅದೂ ನಡೆಯುತ್ತದಂತೆ.

ಅಪೆನ್‌ಜೆಲ್‌ನ ಮುಖ್ಯ ಬೀದಿಯ ಮನೆಗಳ ಮುಂಗೋಡೆಗಳೆಲ್ಲ ಚಿತ್ರ ಬರೆದಂತಿವೆ, ಬರೆದೇ ಇವೆ. ಬೀದಿಯ ತುದಿಯಲ್ಲಿ ಚೌಕ. ಚೌಕದಲ್ಲೊಂದು ಲಿಂಡನ್ ಮರ, ಒಂದು ಮರದ ವೇದಿಕೆ, ಸುತ್ತ ಹಗ್ಗ. ಹಗ್ಗದ ಒಳಗೆ ಮತದಾರರು, ಹೊರಗೆ ನಮ್ಮಂಥ ನೋಡಲು ಬಂದವರು. ವಾದ್ಯಗಳೊಂದಿಗೆ ಅಧಿಕಾರಿಗಳ ಮೆರವಣಿಗೆ ಬಂತು. ಕರಿಯ ನಿಲುವಂಗಿ ತೊಟ್ಟು ಗಂಭೀರವಾಗಿ ಹೆಜ್ಜೆ ಹಾಕುತ್ತಿದ್ದವರನ್ನು ಕಂಡಾಗ ಇದು ಚುನಾವಣೆಯೋ ರಥೋತ್ಸವವೋ ಎಂಬ ಅನುಮಾನ ಬಂದರೆ ತಪ್ಪಿಲ್ಲ. ಆಡಳಿತದ ಮುಖ್ಯಸ್ಥ ಲಾಂಡಮ್ಮನ್ ಪ್ರಮಾಣ ಸ್ವೀಕರಿಸಿದ ಮೇಲೆ ಚೌಕದಲ್ಲಿದ್ದವರೆಲ್ಲ ಬಲಗೈಯ ಮೂರು ಬೆರಳೆತ್ತಿ ಪ್ರಮಾಣ ಮಾಡಿದರು. ಆ ಸಾವಿರಾರು ದನಿಗಳು ಒಟ್ಟಿಗೆ ಎದ್ದಾಗ ನನಗೆ ಮೈ ಜುಮ್ಮೆಂದಿತು, ಬಚ್ಚಿಡುವುದೇಕೆ. ಒಂದೊಂದೇ ಪ್ರಸ್ತಾವ ಓದುತ್ತಾರೆ, ಮಾತನಾಡಬೇಕೆಂದವರು ವೇದಿಕೆ ಹತ್ತಿ ಮಾತನಾಡುತ್ತಾರೆ, ಆಮೇಲೆ ಕೈಗಳು ಏಳುತ್ತವೆ. ಸಾಮಾನ್ಯವಾಗಿ ಎಣಿಕೆ ಇಲ್ಲ, ಕಣ್ಣಂದಾಜು.

1973, 1982, ಮತ್ತೆ 1990ರ ಏಪ್ರಿಲ್ 29. ಇದೇ ಚೌಕದಲ್ಲಿ ಮೂರು ಬಾರಿಯೂ ಗಂಡಸರು ಕೈಯೆತ್ತಿ ಹೆಂಗಸರಿಗೆ ಬೇಡವೆಂದರು. 1971ರಿಂದಲೇ ಅಪೆನ್‌ಜೆಲ್‌ನ ಹೆಂಗಸು ದೇಶದ ಸಂಸತ್ತಿಗೆ ಮತ ಹಾಕಬಹುದಿತ್ತು. ದೇಶಕ್ಕೆ ಸೈನ್ಯ ಎಷ್ಟಿರಬೇಕು ಎಂಬುದರಲ್ಲಿ ಅವಳ ಮಾತು ನಡೆಯುತ್ತಿತ್ತು, ತನ್ನ ಕ್ಯಾಂಟನ್‌ನ ತೆರಿಗೆಯ ವಿಷಯದಲ್ಲಿ ನಡೆಯುತ್ತಿರಲಿಲ್ಲ. 1984ರಲ್ಲಿ ಎಲಿಜಬೆತ್ ಕೋಪ್ ಕೇಂದ್ರ ಸಚಿವೆಯಾದ ಮೇಲೂ ಇಲ್ಲಿನ ಹೆಂಗಸರು ಹಗ್ಗದ ಹೊರಗೇ ಇದ್ದರು. ಬೇಡವೆನ್ನಲು ಕೊಡುತ್ತಿದ್ದ ಕಾರಣಗಳಲ್ಲಿ ಒಂದು, ಚೌಕದಲ್ಲಿ ಜಾಗ ಸಾಲದು ಎಂಬುದು! ಆ ಚೌಕವನ್ನು ನಾನು ಉದ್ದಕ್ಕೂ ಅಡ್ಡಕ್ಕೂ ನಡೆದು ನೋಡಿದೆ. ಹೆಂಗಸರೂ ಗಂಡಸರೂ ನಿಂತ ಮೇಲೆ ಇನ್ನೂ ಜಾಗ ಉಳಿದಿತ್ತು.

ತೆರೇಸಾ ರೋನರ್ ಕುಂಬಾರಿಕೆ ಮಾಡುವ ಕಲಾವಿದೆ. ಇಷ್ಟು ಚಿಕ್ಕ ಊರಿನಲ್ಲಿ, ತನ್ನಲ್ಲಿ ಮಡಕೆ ಕೊಳ್ಳುವವರ ವಿರುದ್ಧವೇ ದೂರು ಕೊಡುವುದೆಂದರೆ ಏನೆಂದು ಹಳ್ಳಿಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಅವರ ದೂರು ಲೌಸಾನ್‌ನ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1990ರ ಸಭೆ ಮತ್ತೊಮ್ಮೆ ಇಲ್ಲವೆಂದ ಮೇಲೆ ಇನ್ನಷ್ಟು ಜನ ಅವರ ಜೊತೆ ಸೇರಿದರು. ನವೆಂಬರ್ 27ರಂದು ನ್ಯಾಯಾಧೀಶರು ಒಮ್ಮತದಿಂದ ತೀರ್ಪು ಕೊಟ್ಟರು. 1981ರಲ್ಲೇ ದೇಶದ ಸಂವಿಧಾನ ಸ್ತ್ರೀಪುರುಷರು ಸಮಾನರೆಂದಿದೆ. ಆದ್ದರಿಂದ ಕ್ಯಾಂಟನ್‌ನ ಸಂವಿಧಾನದಲ್ಲಿ ನಾಡಿನ ಜನ ಎಂದಿರುವ ಕಡೆ ಹೆಂಗಸರೂ ಸೇರಿದ್ದಾರೆಂದೇ ಓದಬೇಕು. ತಿದ್ದುಪಡಿಯೂ ಬೇಕಾಗಲಿಲ್ಲ, ಗಂಡಸರ ಕೈಯೂ ಏಳಬೇಕಾಗಲಿಲ್ಲ. 1991ರ ಏಪ್ರಿಲ್ 28ರಂದು ಹೆಂಗಸರು ಹಗ್ಗ ದಾಟಿ ಒಳಗೆ ಬಂದರು. 1996ರಲ್ಲಿ ಇದೇ ಚೌಕ ರೂತ್ ಮೆಟ್ಸ್‌ಲರ್ ಎಂಬ ತರುಣಿಗೆ ಖಜಾನೆ ವಹಿಸಿತು. 1999ರಲ್ಲಿ ಅವರು ಕೇಂದ್ರ ಸಚಿವೆಯಾದರು.

ಸಭೆ ಮುಗಿದ ಮೇಲೆ ಊಟಕ್ಕೆ ಕುಳಿತಾಗ ಮಾಂಸವಿಲ್ಲದ್ದೆಂದು ನಮಗೆ ಸಿಕ್ಕಿದ್ದು ಚೀಸ್ ಸುರಿದ ಮ್ಯಾಕರೋನಿ, ಜೊತೆಗೆ ಬೇಯಿಸಿ ಅರೆದ ಸೇಬು. ವಿಚಿತ್ರ ಜೋಡಿ, ಆದರೆ ತಟ್ಟೆ ಖಾಲಿಯಾಯಿತು. ಒಂದೇ ಮೇಜಿನ ಇನ್ನೊಂದು ತುದಿಯಲ್ಲಿ ವಯಸ್ಸಾದವರೊಬ್ಬರು ಕತ್ತಿಯನ್ನು ಬಿಚ್ಚಿ ಬೆಂಚಿನ ಮೇಲೆ ಮಲಗಿಸಿ ಬಿಯರ್ ಕುಡಿಯುತ್ತಿದ್ದರು. 1990ರಲ್ಲಿ ತಾವೂ ಚೌಕದಲ್ಲಿದ್ದಿರಾ ಎಂದು ಸುಮಾ ಜರ್ಮನ್‌ನಲ್ಲಿ ವಿನಯದಿಂದ ಕೇಳಿದಳು. ಇದ್ದೆ ಎಂದರು. ಯಾವುದಕ್ಕೆ ಕೈಯೆತ್ತಿದಿರಿ? ಅವರು ನಕ್ಕರು. ಈಗ ಈ ಊರಿನಲ್ಲಿ ಯಾರನ್ನು ಕೇಳಿದರೂ ಆ ದಿನ ಹೆಂಗಸರ ಪರ ಕೈಯೆತ್ತಿದ್ದೆ ಅನ್ನುತ್ತಾರೆ, ಅಷ್ಟೂ ಜನ ನಿಜವಾಗಿ ಎತ್ತಿದ್ದರೆ ಲೌಸಾನ್‌ವರೆಗೆ ಹೋಗುವ ಕೆಲಸವೇ ಇರುತ್ತಿರಲಿಲ್ಲ ಎಂದರು. ತಾವು ಎತ್ತಿದ್ದು ಯಾವುದಕ್ಕೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಮರುದಿನ ಪಕ್ಕದ ಔಸರ್‌ರೋಡನ್ ಕ್ಯಾಂಟನ್‌ನ ಹುಂಡ್‌ವಿಲ್‌ಗೆ ಹೋದೆವು. ಒಂದು ಇಗರ್ಜಿ, ಕೆಲವು ಚೆಂದದ ಮರದ ಮನೆಗಳು, ಖಾಲಿ ಚೌಕ. 1989ರ ಏಪ್ರಿಲ್ 30ರಂದು ಇಲ್ಲಿನ ಗಂಡಸರು ಯಾವ ನ್ಯಾಯಾಲಯದ ಒತ್ತಡವೂ ಇಲ್ಲದೆ ಹೆಂಗಸರಿಗೆ ಮತ ಕೊಟ್ಟರು. ಅಂತರ ತೀರಾ ಕಡಿಮೆ. ಕಣ್ಣಂದಾಜಿನಲ್ಲಿ ಸೋತವರಿಗೆ ಅನುಮಾನ ಉಳಿಯದೆ ಇರುತ್ತದೆಯೇ? 1997ರಲ್ಲಿ ಈ ಕ್ಯಾಂಟನ್ ಕೈಯೆತ್ತುವ ಸಭೆಯನ್ನೇ ಕೈಬಿಟ್ಟಿತು, ಅದನ್ನು ತೀರ್ಮಾನಿಸಿದ್ದು ಗುಪ್ತ ಮತದಾನದಿಂದ. ಹೆಂಗಸರು ಬಂದರು, ಸಭೆ ಹೋಯಿತು ಎಂದು ಕೆಲವರು ಇಂದಿಗೂ ಸೇರಿಸಿ ಹೇಳುವುದುಂಟಂತೆ.

ಸುಮಾಳಿಗೆ ಸಭೆ ಹೋದದ್ದು ನಷ್ಟವೆನ್ನಿಸುತ್ತದೆ. ಎದುರಾಬದುರಾ ನಿಂತು ಮಾತನಾಡುವ ಜಾಗ ಅಂಚೆಲಕೋಟೆಯಲ್ಲಿ ಎಲ್ಲಿದೆ ಎನ್ನುತ್ತಾಳೆ. ನನಗೆ ನೆನಪಾದದ್ದು ಅಮ್ಮ. ಯಾರಿಗೆ ಮತ ಹಾಕಬೇಕೆಂದು ಅಪ್ಪ ಹಿಂದಿನ ರಾತ್ರಿಯೇ ಹೇಳುತ್ತಿದ್ದರು. ಅಮ್ಮ ಹೂಂ ಅನ್ನುತ್ತಿದ್ದಳು. ಮರೆಯ ಹಿಂದೆ ಹೋಗಿ ಯಾವ ಗುರುತಿನ ಮೇಲೆ ಮುದ್ರೆ ಒತ್ತಿದಳೆಂಬುದನ್ನು ಕೊನೆಯವರೆಗೂ ಯಾರಿಗೂ ಹೇಳಲಿಲ್ಲ. ಊರ ಚೌಕದಲ್ಲಿ ಅಪ್ಪನ ಪಕ್ಕ ನಿಂತು ಕೈಯೆತ್ತಬೇಕಿದ್ದರೆ ಅವಳ ಮತ ಅಪ್ಪನ ಎರಡನೆಯ ಮತವಾಗಿಯೇ ಇರುತ್ತಿತ್ತು ಎಂದೆ. "ನಿಮ್ಮಮ್ಮನ ಕಾಲಕ್ಕೆ ಸರಿ. ಈಗಿನ ಹುಡುಗಿಯರು ಹಾಗಿಲ್ಲ" ಎಂದಳು ಸುಮಾ. ಹಾಗಿಲ್ಲದವರಿಗಾಗಿ ಯಾರೂ ನಿಯಮ ಮಾಡುವುದಿಲ್ಲ ಎಂದು ನಾನು.

ಹೆರಿಸೌ ನಿಲ್ದಾಣದವರೆಗೂ ಇದೇ ವಾದ. ಮುಂದಿನ ಭಾನುವಾರ ಗ್ಲಾರಸ್‌ನಲ್ಲಿ ಇಂಥದೇ ಸಭೆಯಿದೆ, ಅಲ್ಲಿ 2007ರಿಂದ 16 ವರ್ಷದವರೂ ಕೈಯೆತ್ತುತ್ತಾರೆ, ಆ ಹುಡುಗಿಯರನ್ನು ನೋಡಿದ ಮೇಲೆ ಮಾತನಾಡು ಎಂದು ಸವಾಲು ಹಾಕಿದ್ದಾಳೆ. ನಾನು ಗುರುವಾರವೇ ಊರಿಗೆ ಹೊರಡುವವಳು. ಅವಳೇ ಹೋಗಿ ನೋಡಿ ಬರೆಯುತ್ತಾಳಂತೆ. ಬರೆಯಲಿ, ನನ್ನ ಉತ್ತರವೂ ತಯಾರಾಗುತ್ತಿದೆ.