ಪಾಂಬನ್ ಸೇತುವೆ ನೋಡಬೇಕೆಂದರೆ ಪಾಂಬನ್‌ನಲ್ಲೇ ಇಳಿಯಿರಿ

ರಾಮೇಶ್ವರಕ್ಕೆ ಹೊರಟ ನಮ್ಮ ಕಡೆಯವರಿಗೆ ಮೊದಲು ಇದನ್ನು ಹೇಳಿಬಿಡಬೇಕು. ಮಧುರೈನಲ್ಲಿ ‘ಸೇತುವೆ, ಧನುಷ್ಕೋಡಿ, ದೇವಸ್ಥಾನ ಎಲ್ಲ ಒಂದೇ ದಿನದಲ್ಲಿ’ ಎಂದು ಕರೆಯುವ ಟೂರ್ ವ್ಯಾನ್ ಹತ್ತಬೇಡಿ. ಎಸಿ ವ್ಯಾನ್ ಎಂದು ನಮ್ಮಿಂದ ಮೊದಲೇ ಪೂರ್ತಿ ದುಡ್ಡು ತೆಗೆದುಕೊಂಡರು. ರಾಮನಾಥಪುರ ಬರುವ ಮೊದಲೇ ಎಸಿ ಕೆಟ್ಟಿತು. ಕಿಟಕಿ ತೆರೆಯಲು ಬರುವಂತಿರಲಿಲ್ಲ. ನನ್ನ ಅತ್ತೆ ದಾರಿಯುದ್ದಕ್ಕೂ ಒದ್ದೆ ಟವೆಲ್ ತಲೆ ಮೇಲೆ ಹಾಕಿಕೊಂಡೇ ಕೂತಿದ್ದರು. ಅಷ್ಟೆಲ್ಲ ಆಗಿ ರಾಮೇಶ್ವರ ದ್ವೀಪಕ್ಕೆ ಸಮುದ್ರ ದಾಟಿಸುವ ಪಾಂಬನ್ ಸೇತುವೆ ಬಂತು. ಡ್ರೈವರ್ ನಿಲ್ಲಿಸಲೇ ಇಲ್ಲ. ‘ಇಲ್ಲಿ ನಿಲ್ಲಿಸಿದರೆ ಫೈನ್’ ಎಂದ. ಆ ಮಾತು ಸರಿಯೇ ಇರಬಹುದು. ಆದರೆ ಸೇತುವೆ ತೋರಿಸುತ್ತೇವೆಂದು ದುಡ್ಡು ತೆಗೆದುಕೊಳ್ಳುವಾಗಲೇ ಅದನ್ನು ಹೇಳಬೇಕಿತ್ತು ಅಲ್ವಾ?

ಮಾರನೇ ದಿನ ರಾಮೇಶ್ವರದಿಂದ ಸರ್ಕಾರಿ ಬಸ್ಸಿನಲ್ಲಿ ವಾಪಸ್ ಬಂದು ಪಾಂಬನ್‌ನಲ್ಲಿ ಇಳಿದೆವು. ಸೇತುವೆಯನ್ನು ನಿಜವಾಗಿ ನೋಡಿದ್ದು ಆವತ್ತೇ. ರಸ್ತೆ ಸೇತುವೆಯ ಅಂಚಿನಲ್ಲಿ ನಡೆದುಕೊಂಡು ಹೋಗಿ. ಬೆಳಿಗ್ಗೆ ಏಳರೊಳಗೆ ಹೋದರೆ ಬಿಸಿಲೂ ಇಲ್ಲ, ಸೆಲ್ಫಿ ಗುಂಪೂ ಇಲ್ಲ. ಕೆಳಗೆ ಮೀನುದೋಣಿಗಳು, ಪಕ್ಕದಲ್ಲಿ ರೈಲು ಸೇತುವೆ. ಹಳೆಯದು 1914ರಲ್ಲಿ ಶುರುವಾಯಿತು. ಹಡಗು ಬಂದಾಗ ಅದರ ನಡುವಿನ ಭಾಗ ಎರಡು ಹೋಳಾಗಿ ಮೇಲೇಳುತ್ತಿತ್ತು. ಅದನ್ನು ಎತ್ತುತ್ತಿದ್ದವರು ಕೈಯಿಂದ ಸನ್ನೆಕೋಲು ತಿರುಗಿಸುವ ಕೆಲಸಗಾರರು. 1964ರ ಡಿಸೆಂಬರ್ ಚಂಡಮಾರುತದಲ್ಲಿ ಧನುಷ್ಕೋಡಿ ಊರೇ ಹೋಯಿತು, ಒಂದು ಪ್ಯಾಸೆಂಜರ್ ರೈಲು ಜನರ ಸಮೇತ ಕೊಚ್ಚಿಹೋಯಿತು, ಈ ಸೇತುವೆಗೂ ಭಾರಿ ಪೆಟ್ಟು ಬಿತ್ತು. ಅದನ್ನು 46 ದಿನಗಳಲ್ಲಿ ಮತ್ತೆ ನಿಲ್ಲಿಸಿದವರು ಇ. ಶ್ರೀಧರನ್. ಮುಂದೆ ಕೊಂಕಣ ರೈಲ್ವೆ ಕಟ್ಟಿಸಿದವರೂ ಅವರೇ. ಕರಾವಳಿಯ ನಮಗೆ ಆ ಹೆಸರು ಕೇಳಿದರೆ ಇವತ್ತಿಗೂ ಗೌರವ.

ಹಳೆ ಸೇತುವೆ ಮೇಲೆ 2022ರ ಡಿಸೆಂಬರಿನಿಂದ ರೈಲು ಓಡುತ್ತಿಲ್ಲ. ಹೊಸದು 2025ರ ಏಪ್ರಿಲ್‌ನಲ್ಲಿ ಶುರುವಾಗಿದೆ. ಇದರ ನಡುವಿನ 72.5 ಮೀಟರ್ ಭಾಗ ಮಡಚುವುದಿಲ್ಲ, ಲಿಫ್ಟ್ ಥರ ಅಡ್ಡಡ್ಡವಾಗಿಯೇ 17 ಮೀಟರ್ ಮೇಲೇರುತ್ತದೆ. ರೈಲಿನಲ್ಲಿ ದಾಟುವ ಆಸೆಯಿದ್ದರೆ ಹಗಲಿನ ರೈಲನ್ನೇ ನೋಡಿಕೊಳ್ಳಿ. ಕತ್ತಲಲ್ಲಿ ದಾಟಿದರೆ ಏನೂ ಕಾಣುವುದಿಲ್ಲ.

ಈಗ ಊಟದ ವಿಷಯ. ದೇವಸ್ಥಾನದ ಸುತ್ತ ಸಿಗುವುದು ಹೆಚ್ಚಾಗಿ ಸಸ್ಯಾಹಾರಿ ಊಟ. ನಮಗೆ ಸಿಕ್ಕಿದ್ದು ತಣ್ಣಗಾದ ಸಾಂಬಾರು, ಜಾಸ್ತಿ ರೇಟು. ಪಾಂಬನ್‌ನಲ್ಲಿ ರಸ್ತೆ ಬದಿಯ ಶೀಟ್ ಮನೆಯಲ್ಲಿ ತಾಯಿ, ಮಗಳು ನಡೆಸುವ ಒಂದು ಮೆಸ್ ಇದೆ. ಬೋರ್ಡ್ ಇಲ್ಲ, ನಾಲ್ಕೇ ಬೆಂಚು. ಬಾಳೆಲೆ ಮೇಲೆ ಬಿಸಿ ಅನ್ನ, ಮಣ್ಣಿನ ಮಡಕೆಯಿಂದ ಮೀನ್ ಕುಳಂಬು. ಹುಣಸೆಹುಳಿ, ಸಣ್ಣ ಈರುಳ್ಳಿ, ಒಳ್ಳೆಣ್ಣೆಯ ಘಮ. ನಮ್ಮ ಮಂಗಳೂರು ಗಸಿಯಷ್ಟು ತೆಂಗಿನಕಾಯಿ ಇಲ್ಲ. ಆದರೆ ಮೀನು ಅಂದು ಬೆಳಗ್ಗೆ ದೋಣಿಯಿಂದ ಇಳಿದದ್ದು ಎಂದು ಮೊದಲ ತುತ್ತಿಗೇ ಗೊತ್ತಾಯಿತು. ನಮಗೆ ತಮಿಳು ಬರುವುದಿಲ್ಲ, ಆ ಅಮ್ಮನಿಗೆ ಕನ್ನಡ ಬರುವುದಿಲ್ಲ. ಕೇಳದೆಯೇ ಮತ್ತೆ ಮತ್ತೆ ಕುಳಂಬು ಬಡಿಸಿದರು. ಹುರಿದ ಮೀನು ಸೇರಿ ಒಬ್ಬರಿಗೆ 120 ರೂಪಾಯಿ. ಹನ್ನೆರಡೂವರೆಗೆ ಹೋಗಿ, ಎರಡು ಗಂಟೆಗೆಲ್ಲ ಮಡಕೆ ಖಾಲಿ. ಬಸ್ ಸ್ಟಾಪಿನಲ್ಲಿ ಯಾವ ಮೀನುಗಾರರನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ಅಮಾವಾಸ್ಯೆ ದಿನ ಮಾತ್ರ ಹೋಗಬೇಡಿ, ಅದರಲ್ಲೂ ಆಷಾಢದ ಕಡೆಗೆ ಬರುವ ಆಡಿ ಅಮಾವಾಸ್ಯೆ. ಪಿತೃಕಾರ್ಯಕ್ಕೆ ಬಂದವರಿಂದ ಅಗ್ನಿತೀರ್ಥದ ದಡದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ರೂಮಿನ ಬಾಡಿಗೆ ಬಾಯಿಗೆ ಬಂದಷ್ಟು. 22 ತೀರ್ಥಗಳ ಸ್ನಾನಕ್ಕೆ ದೇವಸ್ಥಾನದ ಕೌಂಟರಿನಲ್ಲೇ ಟಿಕೆಟ್ ತೆಗೆದುಕೊಳ್ಳಿ. ‘ಬೇಗ ಮುಗಿಸಿಕೊಡುತ್ತೇವೆ’ ಎಂದು ಹಿಂದೆ ಬೀಳುವವರಿಗೆ ಕೈಮುಗಿದು ಮುಂದೆ ನಡೆಯಿರಿ. ಒದ್ದೆ ಬಟ್ಟೆಯಲ್ಲಿ ದರ್ಶನಕ್ಕೆ ಬಿಡುವುದಿಲ್ಲ, ಒಣಬಟ್ಟೆ ಜೊತೆಗಿರಲಿ.

ಧನುಷ್ಕೋಡಿಗೂ ಬಸ್ ಇದೆ, ಆಟೋ ಬೇಕಿಲ್ಲ. ಸಂಜೆಯಾಗುತ್ತಿದ್ದಂತೆ ಪೊಲೀಸರು ಎಲ್ಲರನ್ನೂ ವಾಪಸ್ ಕಳಿಸುತ್ತಾರೆ, ಹಾಗಾಗಿ ಮಧ್ಯಾಹ್ನ ಮೂರರೊಳಗೆ ಅಲ್ಲಿರಿ. ನೀರು, ಟೋಪಿ ಮರೆಯಬೇಡಿ. ಮುರಿದ ಚರ್ಚಿನ ಗೋಡೆ ಬಿಟ್ಟರೆ ಅಲ್ಲಿ ನೆರಳೆಂಬುದು ಇಲ್ಲವೇ ಇಲ್ಲ.